ಒಲೆಗೆ ತಂದ ಬಾಂದುಕಲ್ಲು

ಕಲ್ಲನ್ನು ಕಿತ್ತವನು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸಿಟ್ಟಿನಲ್ಲಿರುವವರು ತಮ್ಮ ತಪ್ಪನ್ನು ಕೊನೆಯ ಸಾಲಿಗೆ ಸಾಗಹಾಕುವುದನ್ನು ಸುದ್ದಿಮನೆಯಲ್ಲಿ ಬಹಳ ನೋಡಿದ್ದೇನೆ. ನಾನೀಗ ಸಿಟ್ಟಿನಲ್ಲಿದ್ದೇನೆ.

ಅಕ್ಕನ ಹೊಲ ಹುಮನಾಬಾದಿನಿಂದ ಕೊಡಂಬಲದ ಕಡೆ ಹೋಗುವ ದಾರಿಯಲ್ಲಿದೆ. ಎರಡು ಎಕರೆ ಎರೆಭೂಮಿ, ಬದುವಿನ ಗುಂಟ ಅವಳ ಹೊಲದೊಳಗೇ ಕಾಲುದಾರಿ, ಅದರ ಕೊನೆಗೆ ಅವಳ ಬಾವಿ. ತೊಗರಿಕಾಯಿ ಬಲಿಯುವ ಹೊತ್ತಿಗೆ ನಾನು ಪ್ರತಿ ವರ್ಷ ಒಂದು ದಿನ ರಜೆ ಹಾಕಿ ಬಸವಕಲ್ಯಾಣದಿಂದ ಹೋಗುತ್ತೇನೆ. ಹೊಲದಲ್ಲೇ ಮೂರು ಕಲ್ಲಿನ ಒಲೆ ಹೂಡಿ, ಹಸಿ ತೊಗರಿಕಾಯಿಯನ್ನು ಸಿಪ್ಪೆಸಹಿತ ಉಪ್ಪುನೀರಿನಲ್ಲಿ ಕುದಿಸುತ್ತೇವೆ. ಕೆಂಡದಲ್ಲಿ ಬದನೆಕಾಯಿ ಸುಟ್ಟು, ಹಸಿಮೆಣಸು, ಬೆಳ್ಳುಳ್ಳಿ ಜಜ್ಜಿ ಕಲಸಿ, ಮನೆಯಿಂದ ತಂದ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೇವೆ. ಅಷ್ಟೇ ಅಡುಗೆ. ಹೊಲದಲ್ಲಿ ಹೊಗೆ ಎದ್ದರೆ ಪಕ್ಕದ ಹೊಲದವರನ್ನು ಕೂಗಿ ಕರೆಯಬೇಕು. ಕರೆಯದೆ ಉಂಡರೆ ನಮ್ಮ ಕಡೆ ಅದು ಅವಮಾನ.

ಈ ಸಲ ಅಕ್ಕ ನೀರಿಗೆ ಹೋದಾಗ ಒಲೆ ಹೂಡುವ ಕೆಲಸ ನನ್ನ ಪಾಲಿಗೆ ಬಂತು. ಎರೆ ಹೊಲದಲ್ಲಿ ಕಲ್ಲು ಸಿಗುವುದೇ ಕಷ್ಟ. ಎರಡನ್ನು ಹೇಗೋ ಹುಡುಕಿದೆ. ಮೂರನೆಯದು ಬದುವಿನ ಮೇಲೆ ಅರ್ಧ ಹೂತುಕೊಂಡು ನಿಂತಿತ್ತು. ಅಲುಗಾಡಿಸಿ ಕಿತ್ತು ತಂದೆ. ಬೆಂಕಿ ಹೊತ್ತಿತು, ಗಡಿಗೆ ಏರಿತು, ಪಕ್ಕದ ಹೊಲದವನನ್ನು ಕೂಗಿದೆ.

ಅಕ್ಕ ಬಂದವಳು ಕೊಡ ಇಳಿಸಲೇ ಇಲ್ಲ.

"ಆ ಕಲ್ಲ ಎಲ್ಲಿಂದ ತಂದಿ?"

"ಬದುವಿನ ಮ್ಯಾಲಿಂದ."

"ಯಪ್ಪಾ, ಬಾಂದುಕಲ್ಲೋ ಅದು! ಎರಡ ಹೊಲದ ಗಡಿ ಅಂಬೂದು ಅದೊಂದ ಕಲ್ಲ. ಇಷ್ಟ ವರ್ಷ ಪೇಪರ್‌ನ್ಯಾಗ ದುಡದು ಇದನ್ನ ಕಲ್ತಿ?"

ಗಡಿಗೆ ಇಳಿಸಲು ಅವಳು ಕೈ ಹಾಕುವಷ್ಟರಲ್ಲಿ ಪಕ್ಕದ ಹೊಲದವನು ಬಂದ. ಒಲೆ ನೋಡಿದ, ಕಲ್ಲು ನೋಡಿದ, ನಕ್ಕ.

"ಇರ್ಲಿ ಬಿಡ್ರಿ ಅಕ್ಕಾ. ಕಲ್ಲಿಗೇನ ಕಾಲ ಬಂದಾವೇನ್ರಿ ಓಡಿ ಹೋಗಾಕ? ಮೊದಲ ಕಾಯಿ ಬೇಯ್ಲಿ. ಪೇಪರ್ ಸಾಹೇಬ್ರ ಕೈಯಡಗಿ ರೋಜ್ ಸಿಗ್ತದೇನು?"

ಕುಳಿತು ತಿಂದ. ಬದನೆಕಾಯಿ ಎರಡು ಸಲ ಕೇಳಿ ಹಾಕಿಸಿಕೊಂಡ. ಉಪ್ಪು ಸ್ವಲ್ಪ ಮುಂದಾಗಿದೆ ಎಂದ.

ಊಟವಾದ ಮೇಲೆ ಅಕ್ಕ ಗಡಿಗೆ ತೊಳೆಯಲು ಬಾವಿಗೆ ಹೋದಳು. ನಾನು ಆರಿದ ಕಲ್ಲನ್ನು ಹೊತ್ತು ಬದುವಿಗೆ ನಡೆದೆ. ಎರೆಮಣ್ಣು ಬಿರಿದು ಕುಸಿದಿತ್ತು. ಅಂಥ ಕುಳಿಗಳು ಬದುವಿನ ಮೇಲೂ ಕಾಲುದಾರಿಯ ಈಚೆಗೂ ನಾಲ್ಕೈದು ಕಂಡವು. ಯಾವುದರಿಂದ ಕಿತ್ತೆ ಎಂಬುದನ್ನು ನಾನು ಗುರುತಿಟ್ಟುಕೊಂಡಿರಲಿಲ್ಲ. ಇತರರ ವರದಿಯಲ್ಲಿ 'ಸ್ಥಳ ಎಲ್ಲಿ?' ಎಂದು ಕೆಂಪು ಗೆರೆ ಎಳೆಯುವ ಕೆಲಸ ನನ್ನದು.

"ಇಲ್ಲೇ ಇತ್ ನೋಡ್ರಿ," ಎಂದು ನನ್ನ ಹಿಂದೆಯೇ ಬಂದಿದ್ದ ಪಕ್ಕದ ಹೊಲದವನು ಕಾಲಿನಿಂದ ಒಂದು ಕುಳಿ ತೋರಿಸಿದ. ಅಲ್ಲೇ ಹೂತು, ಮಣ್ಣು ತುಳಿದು, ಅವನಿಗೆ ಕೈಮುಗಿದು ಬಂದೆ. ಕಲ್ಲು ಅಕ್ಕನ ಹೊಲದೊಳಗೆ ಎರಡು ಸಾಲು ಸರಿದಿತ್ತು ಎಂಬುದು ಆಮೇಲೆ ತಿಳಿಯಿತು. ಎರಡು ಸಾಲು ಎಂದರೆ ಸರಿಯಾಗಿ ಆ ಕಾಲುದಾರಿ.

ತೊಗರಿ ಕೊಯ್ದ ವಾರವೇ ಅಕ್ಕ ಫೋನ್ ಮಾಡಿದಳು. "ದಾರಿಗಿ ಮುಳ್ಳ ಹಚ್ಯಾನ. ಬಾವಿ ನಂದು, ನೀರಿಗಿ ಸುತ್ತಿ ಹೊಂಟೀನಿ."

ಹೋಗಿ ಕೇಳಿದೆ. ಅವನು ದನಿ ಏರಿಸಲಿಲ್ಲ. "ಕಿತ್ತವ್ರು ನೀವ, ಇಟ್ಟವ್ರು ನೀವ. ನಾ ಕಲ್ಲ ಮುಟ್ಟೇನೇನ್ರಿ?"

ಮುಟ್ಟಿರಲಿಲ್ಲ. ನನ್ನ ಮೈ ಉರಿದದ್ದೇ ಆ ಮಾತಿನ ನಿಖರತೆಗೆ. ನಮ್ಮ ರೊಟ್ಟಿ ಮುರಿಯುತ್ತಲೇ ಇವನು ನನ್ನನ್ನು ಅಳೆದುಕೊಂಡಿದ್ದ.

ಅಕ್ಕ ಅರ್ಜಿ ಹಾಕಿದ ಮೇಲೆ ಸರ್ಕಾರಿ ಅಳತೆಯವರು ಬಂದರು. ಅಳೆಯಲಿಲ್ಲ, ಸದ್ಯಕ್ಕೆ ಹೇಳಿಕೆ ಮಾತ್ರ ಎಂದರು. 'ಅರ್ಜಿದಾರಳ ತಮ್ಮನೇ ಕಲ್ಲನ್ನು ಕಿತ್ತು ಮರಳಿ ನೆಟ್ಟಿದ್ದಾನೆ' ಎಂದು ಬರೆದು ನನ್ನ ಮುಂದೆ ಚಾಚಿದರು. ವಾಕ್ಯದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರು ಜಾಗ ತೋರಿಸಿದರು ಎಂಬುದು ಅದರಲ್ಲಿರಲಿಲ್ಲ. ಅದನ್ನು ಸೇರಿಸದೆ ರುಜು ಹಾಕುವುದಿಲ್ಲ ಎಂದೆ.

"ನಾ ತೋರಿಸೇ ಇಲ್ಲ," ಎಂದ ಪಕ್ಕದ ಹೊಲದವನು.

ಕಾಗದ ಕಸಿದು ಆ ವಾಕ್ಯವನ್ನು ನನ್ನ ಕೈಯಿಂದಲೇ ಬರೆದೆ. ಕೆಳಗೆ ಅವನ ನಿರಾಕರಣೆಯನ್ನೂ ಬರೆದೆ, ಆಮೇಲೆ ರುಜು ಮಾಡಿದೆ. ಅಳತೆಯ ಸರದಿ ಬರುವ ತನಕ ಎಲ್ಲ ಇದ್ದಂತೆಯೇ ಇರಲಿ ಎಂದು ಹೇಳಿ ಅವರು ಚೀಲ ಮುಚ್ಚಿದರು.

"ಇದ್ದಂಗ ಅಂದ್ರ ಯಾವುದ್ರಿ?" ಅಕ್ಕ ಕೇಳಿದಳು. "ಮುಳ್ಳಾ? ದಾರಿನಾ?"

ಅವರು ಗಾಡಿ ಹತ್ತಿದರು.

ಅಕ್ಕ ಕುಡಗೋಲು ತಂದಳು. ಮುಳ್ಳಿನ ಕಂಟಿಯನ್ನು ಒಂದೊಂದಾಗಿ ಎಳೆದು ಅವನ ಹೊಲದ ಕಡೆ ಎಸೆದಳು. ಅವನು ಕೂಗಾಡುತ್ತ ಬಂದ. ನಾನು ದಾರಿಯ ನಡುವೆ ಅವನಿಗೆ ಅಡ್ಡ ನಿಂತೆ. ಅವಳು ಕೊಡ ಹೊತ್ತು ನನ್ನ ಬೆನ್ನ ಹಿಂದೆಯೇ ಬಾವಿಗೆ ನಡೆದಳು.