ಹಿಂದಕ್ಕೆ ಮುಖ ಮಾಡಿ ಮಾನ್ವಿಯವರೆಗೆ

ನನ್ನ ಎರಡೂ ಅಂಗೈಗಳಲ್ಲಿ, ಬೆರಳುಗಳ ಬುಡಕ್ಕೆ ಸರಿಯಾಗಿ, ಸಾಲು ಹಿಡಿದಂತೆ ದಡ್ಡುಗಳಿವೆ. ಉಂಗುರ ಬೆರಳಿನ ಕೆಳಗಿನದು ಎಲ್ಲಕ್ಕಿಂತ ಗಟ್ಟಿ. ಸೂಜಿಯಿಂದ ಒತ್ತಿದರೂ ನೋವಾಗುವುದಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಹೆಂಗಸರ ಜನಾನಾ ಡಬ್ಬಿಯಲ್ಲಿ ಕುಳಿತಾಗ ಎದುರಿನ ಹೆಂಗಸು ಹುರಿಗಡಲೆ ಕೊಡಲು ಬಂದಳು. ಕೈ ಚಾಚುವ ಬದಲು ಸೆರಗು ಒಡ್ಡಿದೆ.

ಹೈದರಾಬಾದಿನ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೋಣಿ ಕ್ಲಬ್ಬು ಇದೆಯೆಂದರೆ ರಾಯಚೂರಿನ ಕಡೆ ಯಾರೂ ನಂಬುವುದಿಲ್ಲ. ಇದೆ. ಊರ ನಡುವಿನ ದೊಡ್ಡ ಕೆರೆಯಲ್ಲಿ, ಗಂಡಸರು ತಿರುಗಾಡಲು ಬರುವ ಮೊದಲು, ಬೆಳಗಿನ ಮಂಜಿನಲ್ಲಿ ನಮ್ಮ ಅಭ್ಯಾಸ. ನಾಲ್ವರು ಹುಟ್ಟು ಹಾಕುತ್ತೇವೆ, ಒಬ್ಬಳು ಚುಕ್ಕಾಣಿ ಹಿಡಿಯುತ್ತಾಳೆ. ಹುಟ್ಟು ಹಾಕುವವರು ದೋಣಿ ಹೋಗುವ ಕಡೆಗೆ ಬೆನ್ನು ಮಾಡಿ ಕೂರಬೇಕು. ದಾರಿ ಕಾಣುವುದು ಚುಕ್ಕಾಣಿಯವಳಿಗೆ ಮಾತ್ರ. ಉಳಿದ ಮೂವರಿಗೆ ಲಯ ಕೊಡುವ ಮೊದಲ ಜಾಗ ನೀಲಾಳದು. ಅವಳ ಹಿಂದೆ ನಾನು. ಚಳಿಗಾಲವೆಲ್ಲ ಅವಳ ಬೆನ್ನನ್ನೂ ಸೊಂಟಕ್ಕೆ ಸಿಕ್ಕಿಸಿದ ಜಡೆಯನ್ನೂ ನೋಡುತ್ತ ಕಳೆದ ನನಗೆ ಅವಳ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಿತ.

ಆ ವರ್ಷ ಸಿಕಂದರಾಬಾದಿನ ಹುಡುಗಿಯರ ಜೊತೆ ಮೂರು ಪಂದ್ಯಗಳಿದ್ದವು. ಮೊದಲನೆಯದನ್ನು ಸೋತೆವು. ಎರಡನೆಯದರಲ್ಲಿ ನೀಲಾ ಒಮ್ಮೆಯೂ ಅವಸರಪಡದೆ ಕೊನೆಯವರೆಗೆ ಒಂದೇ ಲಯ ಹಿಡಿದಳು, ಗೆದ್ದೆವು. ಮೂರನೆಯದು ಸಂಕ್ರಾಂತಿಯ ರಜೆಯ ನಂತರ. ರಜೆಗೆಂದು ತನ್ನೂರು ದೇವದುರ್ಗಕ್ಕೆ ಹೋದ ನೀಲಾ ಹಿಂತಿರುಗಲಿಲ್ಲ. ಅವಳ ಜಾಗದಲ್ಲಿ ಬೇರೊಬ್ಬಳನ್ನು ಕೂರಿಸಿ ನೋಡಿದೆವು. ದೋಣಿ ಕುಡಿದವನಂತೆ ನಡೆಯಿತು. ಪಂದ್ಯಕ್ಕೆ ಇನ್ನು ಎಂಟೇ ದಿನ. ನಮ್ಮ ನಾಯಕಿ ಉರ್ದು ಮಾತಿನವಳು. ಆ ಕಡೆಯ ಮಾತು ನಿನಗೆ ಬರುತ್ತದೆ, ನಿನ್ನ ಸೋದರಮಾವನೂ ರಾಯಚೂರಿನಲ್ಲೇ ಇದ್ದಾನೆ, ಹೋಗಿ ಅವಳನ್ನು ಕರೆದುಕೊಂಡು ಬಾ ಎಂದಳು.

ರಾಯಚೂರಿನಲ್ಲಿ ಇಳಿದಾಗ ಸಂಜೆ. ಮಹಾಯುದ್ಧದ ದಿನಗಳು; ಸ್ಟೇಷನ್ನಿನ ತುಂಬ ಖಾಕಿ ಬಟ್ಟೆ, ಟ್ರಂಕುಗಳು. ಮಾವ ಟಾಂಗಾ ತಂದಿದ್ದರು. ಟಾಂಗಾದ ಹಿಂದಿನ ಸೀಟು ಹಿಂದಕ್ಕೆ ಮುಖ ಮಾಡಿರುತ್ತದೆ, ನನಗೆ ಅದೇ ಹಿತ. ಸ್ಟೇಷನ್ನಿನ ದೀಪ, ಬೇವಿನ ಮರಗಳು, ಕೋಟೆಯ ಗೋಡೆ ಒಂದೊಂದಾಗಿ ನನ್ನ ಮುಂದೆ ತೆರೆದು, ಚಿಕ್ಕದಾಗಿ, ಕತ್ತಲಲ್ಲಿ ಕರಗಿದವು. ಮಾವಿನಕೆರೆಯ ನೀರು ಕಂಡಾಗ ಕೈಗಳು ತಾವಾಗಿಯೇ ಹುಟ್ಟು ಹಿಡಿದಂತೆ ಮಡಿಲಲ್ಲಿ ಮಡಚಿಕೊಂಡವು.

ಮಾವ ಕಛೇರಿಯಲ್ಲಿ ಕಡತ ನೋಡಿಕೊಳ್ಳುವ ಪೇಷ್ಕಾರರು. ಊಟದ ಹೊತ್ತಿಗೆ ಅವರಿಗೆ ಎಲ್ಲ ಹೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಹಿಂದ ನೋಡ್ಕೋತ ಮುಂದ ಹೋಗ್ತೀರಿ?"

"ಹೌದು ಮಾವ."

"ಹಂಗಾದ್ರ ನಮ್ಮ ಕಛೇರಿಗಿ ಬಂದು ಸೇರಿಬಿಡ್ರಿ. ಅಲ್ಲಿ ಎಲ್ಲಾರೂ ಅದನ್ನ ಮಾಡಾಕತ್ತಾರ."

ಹೆಣ್ಣುಮಗಳು ಒಬ್ಬಳೇ ದೇವದುರ್ಗಕ್ಕೆ ಹೋಗುವುದು ಬೇಡವೆಂದು ನಾಲ್ಕು ದಿನ ರಜೆ ಹಾಕಿ ತಾವೂ ಹೊರಟರು.

ದೇವದುರ್ಗದ ಬಸ್ಸಿಗೆ ತಲಾ ಹದಿನಾಲ್ಕಾಣೆ, ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಹಿಂದುಗಡೆ ಒಲೆಯಂಥ ದೊಡ್ಡ ಡ್ರಮ್ಮು. ಕಂಡಕ್ಟರು ಆಗಾಗ ಇಳಿದು ಅದರ ಹೊಟ್ಟೆ ಕೆದಕುತ್ತಿದ್ದ. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆಯಬೇಕು. ಹೀಗೆ ಸುಮಾರು ಮೂವತ್ತು ಮೈಲಿಗೆ ಮಧ್ಯಾಹ್ನವೇ ಕಳೆಯಿತು. ನನಗೆ ಬೇಸರವಾಗಲಿಲ್ಲ. ಎರಡೂ ಕಡೆ ಕರಿನೆಲ, ಅದರ ಮೇಲೆ ಒಡೆದ ಹತ್ತಿ, ದೂರದಲ್ಲಿ ತೆನೆ ತುಂಬಿದ ಜೋಳ. ಗಾಳಿ ಬಿಟ್ಟಾಗ ಜೋಳದ ಹೊಲ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಾಗುತ್ತಿತ್ತು; ಬೆಳಗಿನ ಕೆರೆಯಲ್ಲಿ ಮೊದಲ ಗಾಳಿ ಬರುವುದೂ ಹಾಗೆಯೇ. ಅರೆನಿದ್ದೆಯಲ್ಲಿ ಚುಕ್ಕಾಣಿಯವಳ ದನಿ ಕೇಳಿದಂತಾಯಿತು. ಕಣ್ಣು ಬಿಟ್ಟರೆ ಕಂಡಕ್ಟರು, ದೇವದುರ್ಗದವರು ಇಳಿಯಿರಿ ಎಂದು ಕೂಗುತ್ತಿದ್ದ. ಬಂಡೆಗಳ ಗುಡ್ಡದ ಕೆಳಗೆ ಊರು ಬಿಸಿಲಲ್ಲಿ ಮಲಗಿತ್ತು.

ನೀಲಾಳ ತಂದೆ ಹತ್ತಿಯ ವ್ಯಾಪಾರಿ. ಅಂಗಳದ ತುಂಬ ಹತ್ತಿ ತುಂಬಿದ ಅಂಡಿಗೆ ಚೀಲಗಳು. ನಮಗೆ ಮಜ್ಜಿಗೆ ಕೊಡಿಸಿ, ನೀಲಾ ಇಲ್ಲಿಲ್ಲ, ತಮ್ಮ ಅತ್ತೆಯವರು, ಅಂದರೆ ಅವಳ ಅಜ್ಜಿ, ಅವಳನ್ನು ಮಾನ್ವಿಗೆ ಕರೆದೊಯ್ದರು ಎಂದರು. ಕಾರಣ ಹೇಳಲು ಸ್ವಲ್ಪ ಹಿಂಜರಿದರು.

ಸಂಕ್ರಾಂತಿಗೆ ಬಳೆಗಾರ ಬಂದಿದ್ದನಂತೆ. ನೀಲಾ ತೊಟ್ಟಿಲಲ್ಲಿದ್ದಾಗಿನಿಂದ ಅವಳಿಗೆ ಬಳೆ ತೊಡಿಸಿದವನು. ಈ ಸಲ ಯಾವ ಬಳೆಯೂ ಹೆಬ್ಬೆರಳ ಗಂಟು ದಾಟಲಿಲ್ಲ. ಕೈ ಹೊರಳಿಸಿ ನೋಡಿದವನು, ಇದು ದುಡಿಯುವವರ ಕೈ ಆಗಿದೆ ಎಂದುಬಿಟ್ಟ. ಹಬ್ಬಕ್ಕೆ ಬಂದಿದ್ದ ಅಜ್ಜಿ ಮೊಮ್ಮಗಳ ಅಂಗೈ ಸವರಿ ನೋಡಿ ಅತ್ತರಂತೆ. ಬೀಸುಕಲ್ಲಿನ ಗೂಟ ಹಿಡಿದರೆ ದಡ್ಡು ಏಳುವುದು ಅಲ್ಲಿಯೇ. ಹಾಸ್ಟೆಲಿನವರು ಹುಡುಗಿಯರಿಂದ ಜೋಳ ಬೀಸಿಸುತ್ತಾರೆಂದು ಅವರು ತೀರ್ಮಾನಿಸಿದ್ದರು.

"ಹೌದೇನ್ರಿ?" ಎಂದು ನೀಲಾಳ ತಂದೆ ನನ್ನನ್ನು ಕೇಳಿದರು. "ರೊಕ್ಕ ಕಟ್ಟೇವಿ. ಮತ್ತ ಬೀಸಾಕ ಯಾಕ ಹಚ್ಚತಾರ?"

ಮಾವ ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ಅವರು ಮಜ್ಜಿಗೆ ಕುಡಿದರು. ನೀಲಾ ಏನು ಹೇಳಿದ್ದಾಳೋ ತಿಳಿಯದೆ ನಾನೊಂದು ಹೇಳುವುದು ಸರಿಯಲ್ಲ. ಅವಳನ್ನು ಕಂಡು ಮಾತಾಡುತ್ತೇನೆ ಎಂದಷ್ಟೇ ಹೇಳಿದೆ.

ಮರುದಿನ ಅವರ ಹತ್ತಿಯ ಬಂಡಿಗಳು ಸಿರವಾರದ ಪೇಟೆಗೆ ಹೋಗುತ್ತಿದ್ದವು. ಕೊನೆಯ ಬಂಡಿಯಲ್ಲಿ ನಮಗೆ ಜಾಗ ಮಾಡಿದರು. ಮಾವ ಅಂಡಿಗೆಗೆ ಒರಗಿ ನಿದ್ದೆ ಹೋದರು. ನಾನು ಬಂಡಿಯ ಹಿಂಬದಿಗೆ ಕುಳಿತು ಕಾಲು ಇಳಿಬಿಟ್ಟೆ. ಇಡೀ ದಿನ ದಾರಿ ನನ್ನ ಪಾದಗಳ ಕೆಳಗಿನಿಂದ ಹುಟ್ಟಿ ಹಿಂದಕ್ಕೆ ಹರಿಯಿತು. ಅಂಡಿಗೆಯಿಂದ ಬಿಡಿಸಿಕೊಂಡ ಹತ್ತಿಯ ಎಳೆಗಳು ಜಾಲಿಯ ಮುಳ್ಳುಗಳಿಗೆ ಸಿಕ್ಕಿ ಬಿಳಿಯಾಗಿ ನಿಂತವು. ಅಚ್ಚು ಕಿರುಗುಟ್ಟುವುದು, ಗೆಜ್ಜೆ, ಮತ್ತೆ ಅಚ್ಚು. ನಾನು ಉಸಿರನ್ನು ಅದಕ್ಕೆ ಹೊಂದಿಸಿಕೊಂಡಿದ್ದೆ. ಮುಂದೆ ನೀಲಾಳ ಬೆನ್ನು ಇಲ್ಲವೆಂಬುದು ಮಾತ್ರ ವಿಚಿತ್ರವೆನಿಸುತ್ತಿತ್ತು.

ಸಿರವಾರದಲ್ಲಿ ಮಾವನ ಗೆಳೆಯರ ಮನೆಯಲ್ಲಿ ಉಳಿದು, ಶುಕ್ರವಾರ ಬಸ್ಸಿನಲ್ಲಿ ಮಾನ್ವಿ ಸೇರಿದೆವು. ಗುಡ್ಡದ ಬುಡದ ಓಣಿಯಲ್ಲಿ ಮನೆ. ನೀಲಾ ಬಾವಿಯ ಹತ್ತಿರ ನಿಂತಿದ್ದಳು. ಮುಖ ನೋಡಿ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ತಿರುಗಿ ಕೊಡ ಎತ್ತಿದಾಗ ಇವಳೇ ಎನಿಸಿತು. ನೀರು ಸೇದುವ ನೆವದಲ್ಲಿ ಇಬ್ಬರೂ ಅಲ್ಲೇ ನಿಂತೆವು.

"ನಾ ಸುಳ್ಳು ಹೇಳಿಲ್ಲ," ಎಂದಳು. "ಅಜ್ಜಿನ ಹಂಗ ತಿಳಕೊಂಡಳು. ದಡ್ಡು ಬೀಸೂಕಲ್ಲಿಂದಂದ್ರ ಸಿಟ್ಟಿಗಿ ಬರ್ತಾಳ, ಸಿಟ್ಟು ಇಳೀತದ. ನೀರಂದ್ರ ಅಂಜತಾಳ. ಅಂಜಿಕಿ ಇಳಿಯೂದಿಲ್ಲ."

"ಸಿಟ್ಟು ಇಳೀತೇನು?"

"ಎಲ್ಲಿ? ಕಲ್ಲು ಮುಟ್ಟಾಕ ಬಿಡೂದಿಲ್ಲ ನನಗ. ಪರೀಕ್ಷಿ ಕಟ್ಟೂದೂ ಬ್ಯಾಡ ಅಂತಾಳ." ಆಮೇಲೆ ಮೆಲ್ಲಗೆ ಕೇಳಿದಳು, "ಬುಧವಾರನ ಅಲ್ಲ ಪಂದ್ಯ?"

ಅಜ್ಜಿಯ ಹೆಸರು ಗೌರಮ್ಮ. ಸಣ್ಣ ಮೈಯ, ನೆಟ್ಟಗೆ ನಡೆಯುವ ಮುದುಕಿ. ಊಟಕ್ಕೆ ಬಡಿಸುವಾಗ ನನ್ನ ಕೈಯನ್ನು ಕಂಡುಬಿಟ್ಟರು. ಬಡಿಸುವ ಸೌಟು ಕೆಳಗಿಟ್ಟು ಅಂಗೈಯನ್ನು ಬೆಳಕಿಗೆ ಹಿಡಿದರು.

"ಯವ್ವಾ, ನಿನಗೂ ಬೀಸಾಕ ಹಚ್ಯಾರೇನು?"

ಹೌದೆಂದರೆ ಸುಳ್ಳು, ಇಲ್ಲವೆಂದರೆ ನೀಲಾಳೇ ಹೇಳಬೇಕಾದುದನ್ನು ನಾನು ಹೇಳಿದಂತೆ. ತಲೆ ತಗ್ಗಿಸಿದೆ. ಅವರು ಅದನ್ನು ಹೌದೆಂದೇ ತಿಳಿದು ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದರು.

ಊರ ಹಿಟ್ಟಿನ ಗಿರಣಿ ಎಣ್ಣೆಯಿಲ್ಲದೆ ನಿಂತಿತ್ತು. ಹಾಗಾಗಿ ಆ ಓಣಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಮನೆಮನೆಯಲ್ಲೂ ಕಲ್ಲಿನ ಸದ್ದು. ಎಚ್ಚರವಾದಾಗ ದೋಣಿಮನೆಯಲ್ಲಿ ಮಲಗಿದ್ದೇನೆ, ಹೊರಗೆ ನೀರು ಕಲ್ಲಿಗೆ ಬಡಿಯುತ್ತಿದೆ ಎನಿಸಿತು. ಎದ್ದು ಪಡಸಾಲೆಗೆ ಹೋದೆ. ಗೌರಮ್ಮ ಒಂದು ಕಾಲು ಚಾಚಿ ಒಬ್ಬರೇ ಬೀಸುತ್ತ, ಕಲ್ಲಿಗೆ ಸರಿಯಾಗಿ ತಮ್ಮಷ್ಟಕ್ಕೆ ಏನನ್ನೋ ಹಾಡುತ್ತಿದ್ದರು. ಅವರ ತುಪ್ಪ ತಿಂದು ಮಲಗಿದ್ದ ನನಗೆ ಸುಮ್ಮನೆ ನಿಂತು ನೋಡಲಾಗಲಿಲ್ಲ. ಎದುರಿಗೆ ಕುಳಿತು ಗೂಟಕ್ಕೆ ಕೈ ಹಚ್ಚಿದೆ. ಬೇಡವೆಂದರು. ನಾನು ಬಿಡಲಿಲ್ಲ.

ನಾಲ್ಕು ಸುತ್ತು ಸರಿಯಾಗಿ ಹೋಯಿತು. ಹಾಡು ಚೆನ್ನಾಗಿತ್ತು, ಲಯ ಸಿಕ್ಕಿದೊಡನೆ ನನ್ನ ಮೈ ತನಗೆ ಗೊತ್ತಿದ್ದುದನ್ನು ಮಾಡಿತು. ಕಾಲು ಒತ್ತಿ, ಬೆನ್ನು ಹಿಂದಕ್ಕೆ ಹಾಕಿ, ಎರಡೂ ಕೈಯಿಂದ ನೇರ ಎದೆಗೆ ಎಳೆದುಕೊಂಡೆ. ಮೇಲಿನ ಕಲ್ಲು ಕೀಲಿನಿಂದ ಎದ್ದು ನನ್ನ ಮಡಿಲಿಗೇ ಬಂದಿತು. ಅವರ ಕೂದಲ ತುಂಬ, ನನ್ನ ಕೂದಲ ತುಂಬ ಹಿಟ್ಟು.

ಹಾಡು ನಿಂತಿತು. ಗೌರಮ್ಮ ಹಿಟ್ಟು ಮೆತ್ತಿದ ನನ್ನ ಕೈಗಳನ್ನು ಹಿಡಿದು ನೋಡಿದರು.

"ಇವು ಬೀಸಿದ ಕೈ ಅಲ್ಲ. ಏನ ಎಳದ ಕೈ ಇವು, ತಂಗಿ?"

ನೀಲಾ ಬಾಗಿಲಲ್ಲಿ ನಿಂತಿದ್ದಳು. ಅವಳು ತಲೆಯಾಡಿಸಿದ ಮೇಲೆ ಹೇಳಿದೆ. ಕೆರೆ, ದೋಣಿ, ಹುಟ್ಟು, ಬುಧವಾರ ಎಲ್ಲವನ್ನೂ. ಗೌರಮ್ಮ ಹಿಟ್ಟು ಗುಡ್ಡೆ ಮಾಡುತ್ತಲೇ ಕೇಳಿದರು. ಯಾರೂ ಬೀಸಲು ಹಚ್ಚಿಲ್ಲವೆಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ದಾರಿಗೆ ಬೆನ್ನು ಮಾಡಿ ಕೂರುತ್ತೇವೆ, ಮುಂದೆ ನೋಡುವವಳನ್ನು ನಂಬಿ ಎಳೆಯುತ್ತೇವೆ ಎಂದಾಗ, "ಹಂಗಂದ್ರ ಲಗ್ನ ಆದಂಗ," ಎಂದರು. ಹೊರಗೆ ಹಲ್ಲುಜ್ಜುತ್ತಿದ್ದ ಮಾವ ಕೆಮ್ಮಿದರು.

ಆಮೇಲೆ ಅವರ ಕಣ್ಣು ನನ್ನ ಮಣಿಕಟ್ಟಿಗೆ ಬಿತ್ತು. ಬಳೆ ಎಲ್ಲಿ ಎಂದರು. ಹುಟ್ಟು ಹಾಕುವಾಗ ತೆಗೆದು ಡಬ್ಬಿಯಲ್ಲಿಡುತ್ತೇವೆ, ನಾನು ಮತ್ತೆ ತೊಟ್ಟೇ ಇಲ್ಲ ಎಂದೆ.

ಅವರು ತಮ್ಮ ಎರಡೂ ಕೈಗಳನ್ನು ಮುಂದಿಟ್ಟರು. ಹಿಟ್ಟು ಬಿಟ್ಟರೆ ಅವುಗಳ ಮೇಲೆ ಏನೂ ಇರಲಿಲ್ಲ.

"ನನ್ನವು ನಾ ತಗದಿದ್ದಲ್ಲ. ತಗಸಿದ್ದು. ಇಪ್ಪತ್ತರಾಗ. ನೀವು ನಕ್ಕೋತ ತಗದು ಡಬ್ಯಾಗ ಇಡತೀರಿ."

ಪಕ್ಕದ ಮನೆಯ ಕಲ್ಲು ಇನ್ನೂ ತಿರುಗುತ್ತಿತ್ತು. ಗೌರಮ್ಮ ಎದ್ದು ಸೆರಗು ಕೊಡವಿದರು.

"ಹೋಗ್ಲಿ. ನೀರಿಗಿ ಹೋಗ್ಲಿ. ಖಾಲಿ ಕೈಲೆ ಬ್ಯಾಡ."

ಹೊತ್ತೇರಿದ ಮೇಲೆ ಊರ ಬಳೆಗಾರನನ್ನು ಕರೆಸಿದರು. ನೀಲಾಳ ಕೈಗೆ ಹಿಂದಿನದಕ್ಕಿಂತ ದೊಡ್ಡ ಅಳತೆಯ ಹಸಿರು ಬಳೆ ಹತ್ತಿದವು. ಒಂದು ಒಡೆದಾಗ ಗೌರಮ್ಮ ಕಣ್ಣು ಮುಚ್ಚಿಕೊಂಡರು, ಬೇರೊಂದು ತೊಡಿಸೆಂದರು. ನನ್ನನ್ನೂ ಕರೆದರು. ಮುಂದೆ ಹಾಕಿಸಿಕೊಳ್ಳುತ್ತೇನೆಂದು ಕೈಯನ್ನು ಸೆರಗಿನಲ್ಲಿ ಇಟ್ಟುಕೊಂಡೆ. ಅವರು ಒತ್ತಾಯ ಮಾಡಲಿಲ್ಲ.

ರಾಯಚೂರಿನ ಬಸ್ಸು ಹೊರಟಾಗ ನಾನು ಹಿಂದಿನ ಕಿಟಕಿಯಿಂದ ನೋಡಿದೆ. ಗುಡ್ಡ, ಓಣಿ, ಬಿಳಿ ಸೀರೆಯ ಸಣ್ಣ ಮೈ. ನೀಲಾ ಮುಂದೆ ನೋಡುತ್ತಿದ್ದಳು, ಮುಖ ತಿರುಗಿಸಿದರೆ ಅಳು ಬರುತ್ತದೆಂದು ಇರಬೇಕು. ಮಾನ್ವಿ ಕಾಣದಾಗುವವರೆಗೆ ಅವಳ ಬದಲು ನಾನೇ ನೋಡಿದೆ.

ಹೈದರಾಬಾದಿನಲ್ಲಿ ನಾಯಕಿ ಬಳೆಗಳನ್ನು ಕಂಡು ಒಪ್ಪಲಿಲ್ಲ. ಒಡೆದರೆ ಮಣಿಕಟ್ಟು ಸೀಳುತ್ತದೆ ಎಂದಳು. ಅವಳ ಮಾತೂ ನಿಜ. ನನ್ನ ಹಳೆಯ ಸೀರೆಯನ್ನು ಪಟ್ಟಿ ಹರಿದು, ಬಳೆಗಳು ಹೆಚ್ಚು ಅಲುಗದಂತೆ ನೀಲಾಳ ಎರಡೂ ಕೈಗೆ ಸುತ್ತಿದೆ. ಎರಡು ದಿನದ ಅಭ್ಯಾಸ ನೋಡಿದ ಮೇಲೆ ನಾಯಕಿ ಒಪ್ಪಿದಳು.

ಬುಧವಾರ ಕೆರೆಯ ಮೇಲೆ ಮಂಜು ದಟ್ಟವಾಗಿತ್ತು. ದಡ ಕಾಣಲಿಲ್ಲ, ಎದುರಾಳಿಗಳ ದೋಣಿ ಕಾಣಲಿಲ್ಲ, ಅವರ ಹುಟ್ಟಿನ ಸದ್ದಷ್ಟೇ. ನನ್ನ ಮುಂದೆ ನೀಲಾಳ ಬೆನ್ನು. ಪ್ರತಿ ಎಳೆತಕ್ಕೂ ಬಟ್ಟೆಯ ಒಳಗಿನಿಂದ ಬಳೆಗಳ ಸಣ್ಣ ಸದ್ದು ಬರುತ್ತಿತ್ತು. ನಾಲ್ವರೂ ಅದನ್ನು ಹಿಡಿದು ಎಳೆದೆವು. ಅಷ್ಟು ಚೆನ್ನಾಗಿ ನಾವು ಎಂದೂ ಹುಟ್ಟು ಹಾಕಿರಲಿಲ್ಲ. ಎರಡು ದೋಣಿಗಳಲ್ಲಿ ನಮ್ಮದು ಎರಡನೆಯದಾಗಿ ಬಂತು. ಅರ್ಧ ದೋಣಿಯಷ್ಟು ಹಿಂದೆ.

ದಡದಲ್ಲಿ ಪಟ್ಟಿ ಬಿಚ್ಚಿದೆ. ಒಂದು ಬಳೆಯೂ ಒಡೆದಿರಲಿಲ್ಲ. ನೀಲಾ ಎರಡೂ ಕೈಗಳನ್ನು ಮೇಲೆತ್ತಿ ಅಲುಗಿಸಿ ನಕ್ಕಳು, ನಮ್ಮನ್ನು ಗೆದ್ದವರು ತಿರುಗಿ ನೋಡಿದರು.

ಮರುದಿನ ಬೆಳಿಗ್ಗೆ ಅಭ್ಯಾಸವಿರಲಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರವಾಯಿತು. ಸ್ನಾನ ಮಾಡಿ, ಒಬ್ಬಳೇ ಬಳೆಯ ಬಜಾರಿಗೆ ನಡೆದೆ. ಆಗತಾನೆ ಬಾಗಿಲು ತೆರೆದಿದ್ದ ಅಂಗಡಿಯ ಮುದುಕನ ಮುಂದೆ ಕುಳಿತು ಸೆರಗಿನಿಂದ ಕೈ ತೆಗೆದು ಚಾಚಿದೆ. ಅವನು ಬೆರಳ ಬುಡ ಒತ್ತಿ ನೋಡಿ, ಹಸಿರು ಬಳೆಗಳಲ್ಲಿ ದೊಡ್ಡ ಅಳತೆಯ ಗೊಂಚಲು ಇಳಿಸಿದ. ಈ ಕೈ ಏನು ಕೆಲಸ ಮಾಡುತ್ತದೆ ಬೇಟಿ ಎಂದು ಉರ್ದುವಿನಲ್ಲಿ ಕೇಳಿದ. ಹೇಳಿದೆ.