ಬಚ್ಚಲಮನೆ ಕಿಟಕಿಯ ಎಣ್ಣೆ ಬಾಟಲಿ

ನಮ್ಮ ಮನೆಯಲ್ಲಿ ಚಳಿಯನ್ನು ಅಳೆಯುವುದು ಬಚ್ಚಲಮನೆ ಕಿಟಕಿಯಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿಯಿಂದ. ಎಣ್ಣೆ ಅರ್ಧ ಗಟ್ಟಿಯಾದರೆ ಸ್ವೆಟರ್ ಹಾಕಬೇಕು. ಪೂರ್ತಿ ಗಟ್ಟಿಯಾದರೆ ಮನೆಯಿಂದ ಹೊರಗೆ ಎಲ್ಲೂ ಮಲಗುವಂತಿಲ್ಲ. ಈ ಕಾನೂನು ಮಾಡಿದವಳು ಅಮ್ಮ. ನಾನು ಹೈಸ್ಕೂಲಿನಲ್ಲಿದ್ದಾಗ ಸ್ಕೌಟ್ ಶಿಬಿರಕ್ಕೆ ಚೀಲ ಹೆಗಲಿಗೇರಿಸಿ ನಿಂತಿದ್ದೆ. ಅವಳು ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ. ನಾನು ಚೀಲ ಕೆಳಗಿಟ್ಟೆ.

ಕಳೆದ ಮಾಗಿಯಲ್ಲಿ ಹೊರಡುವ ಸರದಿ ಅವಳದಾಯಿತು. ಅಮ್ಮ ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಜೋಡಣೆ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಅಲ್ಲಿ ಅವಳ ಪಕ್ಕದಲ್ಲಿ ಕೂರುತ್ತಿದ್ದ ಇಬ್ಬರು ಗೆಳತಿಯರು ಈಗಲೂ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಒಬ್ಬರ ತವರಿನವರಿಗೆ ನೆಲಮಂಗಲದಾಚೆ ಕೆರೆಯ ಪಕ್ಕ ಹೊಲವಿದೆ. ರಾಗಿ ಕಟಾವಾಗಿತ್ತು, ಅವರ ಮೊಮ್ಮಗನ ಟೆಂಟ್ ಇತ್ತು. ಒಂದು ರಾತ್ರಿ ಅಲ್ಲೇ ಮಲಗುವುದೆಂದು ಮೂವರೂ ತೀರ್ಮಾನಿಸಿದ್ದರು.

"ಇಷ್ಟು ವರ್ಷ ಟೂರ್ ಅಂದ್ರೆ ಗಂಡ, ಮಕ್ಳು, ಪುಳಿಯೋಗರೆ ಡಬ್ಬಿ. ಒಂದ್ಸಲನಾದ್ರೂ ನಾವ್ ಮೂರೇ ಜನ ಹೋಗ್ಬೇಕು ಕಣೋ," ಎಂದಳು ಅಮ್ಮ. "ನಾನ್ ಬರಲ್ಲ ಅಂದ್ರೆ ಅವರಿಬ್ರನ್ನೂ ಅವರ್ ಮನೇಲಿ ಕಳ್ಸಲ್ಲ."

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ಹವಾಮಾನದ ಚೌಕಕ್ಕೆ ದಿನವೂ ಅಂಕಿ ತುಂಬುವ ಕೆಲಸ ನನ್ನದೇ. ಆ ವಾರ ಕನಿಷ್ಠ ತಾಪಮಾನ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಅಮ್ಮನಿಗೆ ಹಿಂದಿನ ಚಳಿಗಾಲದಲ್ಲಿ ಹಿಡಿದ ಕೆಮ್ಮು ಶಿವರಾತ್ರಿಯವರೆಗೂ ಬಿಟ್ಟಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಾಟಲಿಯನ್ನು ಅಡುಗೆಮನೆಗೆ ತಂದು ಅವಳೆದುರು ತಲೆಕೆಳಗು ಮಾಡಿದೆ.

"ಆ ಕಿಟಕಿ ಹತ್ರ ಗಾಳಿ ಜಾಸ್ತಿ," ಎಂದಳು.

"ನನ್ನ ಸ್ಕೌಟ್ ಶಿಬಿರದ ದಿನಾನೂ ಅದೇ ಕಿಟಕಿ ತಾನೇ?"

ಅವಳು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾವು ಹೊರಡೋದು ನಾಳೆ. ನಾಳೆ ಬೆಳಿಗ್ಗೆ ಎಣ್ಣೆ ಏನ್ ಹೇಳುತ್ತೋ ಅದೇ ಫೈನಲ್. ನೀನೇ ನೋಡು."

ಒಪ್ಪಿದೆ. ಮರುದಿನ ಚಳಿ ಇನ್ನೂ ಹೆಚ್ಚುತ್ತದೆಂಬ ಮುನ್ಸೂಚನೆ ನನ್ನ ಕೈಯಲ್ಲಿತ್ತು.

ಶನಿವಾರ ಬೆಳಿಗ್ಗೆ ಮುನ್ಸೂಚನೆ ನಿಜವಾಗಿತ್ತು. ನೆಲ ಕಾಲನ್ನು ಕೊರೆಯುತ್ತಿತ್ತು. ಬಾಟಲಿ ಕಿಟಕಿಯಲ್ಲೇ ಇತ್ತು. ಎಣ್ಣೆ ಮಾತ್ರ ನೀರಿನಂತೆ ತಿಳಿಯಾಗಿತ್ತು. ಕೈಗೆತ್ತಿಕೊಂಡೆ. ಬೆಚ್ಚಗಿತ್ತು. ಬಾಟಲಿಯ ಮೈಮೇಲೆ ಇಡ್ಲಿ ಹಿಟ್ಟಿನ ಸಣ್ಣ ಕಲೆ. ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು. ಅಮ್ಮ ನನ್ನತ್ತ ನೋಡದೆ ಚೀಲಕ್ಕೆ ಕಂಬಳಿ ತುರುಕುತ್ತಿದ್ದಳು.

ಸುದ್ದಿ ಖಚಿತವಾಗಿತ್ತು. ಪ್ರಕಟಿಸಲಿಲ್ಲ.

"ಏನಂತೆ?" ಎಂದಳು, ಬೆನ್ನು ತಿರುಗಿಸಿಕೊಂಡೇ.

"ಹೋಗ್ಬೋದಂತೆ. ಆದ್ರೆ ಕಾರ್ ನಾನೇ ಓಡಿಸ್ತೀನಿ, ರಾತ್ರಿ ಅಲ್ಲೇ ಇರ್ತೀನಿ."

"ಇರು. ಕಾರಲ್ಲೇ ಮಲ್ಕೋ, ಟೆಂಟ್ ಹತ್ರ ಬರ್ಬೇಡ."

ಭಾನುವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದು ನಗುವಿನ ಸದ್ದಿಗೆ. ಕಾರಿನ ಗಾಜಿನ ತುಂಬ ಮಂಜು. ಬಾಗಿಲು ತೆರೆಯಲು ಬೆರಳು ಮಡಚಲಾಗಲಿಲ್ಲ. ಟೆಂಟಿನ ಮುಂದೆ ಒಣಕಡ್ಡಿಯ ಬೆಂಕಿ ಹಾಕಿಕೊಂಡು ಮೂವರೂ ಒಬ್ಬರ ಹಿಂದೊಬ್ಬರು ಕೂತು ಜಡೆ ಹೆಣೆಯುತ್ತಿದ್ದರು. ಹೊಲದ ಮನೆಯ ಗೆಳತಿ ನಮ್ಮ ಬಚ್ಚಲಮನೆಯ ಅದೇ ಎಣ್ಣೆ ಬಾಟಲಿಯನ್ನು ಅಂಗೈಗೆ ಕುಟ್ಟಿಕುಟ್ಟಿ ಸೋತಿದ್ದರು.

"ಚಳಿನೇ ಇಲ್ಲ ಅಂದ್ಯಲ್ಲೇ, ಎಣ್ಣೆ ಕಲ್ಲಾಗೈತೆ ನೋಡು!"

ಅಮ್ಮ ನನ್ನನ್ನು ಕಂಡದ್ದೇ ಬಾಟಲಿ ಕಿತ್ತುಕೊಂಡು ಕಂಬಳಿಯೊಳಗೆ ಸೇರಿಸಿದಳು. ಕೆಮ್ಮಿನ ಸುಳಿವಿರಲಿಲ್ಲ. ಬೆಂಕಿಯ ಕಾವಿಗೆ ಮುಖ ಕೆಂಪಾಗಿತ್ತು.

ಏನೋ ಹೇಳಲು ಬಾಯಿ ತೆರೆದೆ. ಹಲ್ಲು ಕಟಕಟ ಎಂದವು.

"ಅಯ್ಯೋ, ಬಾ ಇಲ್ಲಿ," ಎಂದು ಅಮ್ಮ ತನ್ನ ಮಂಕಿ ಟೋಪಿ ತೆಗೆದು ನನ್ನ ತಲೆಗೆ ಹಾಕಿ ಕಿವಿ ಮುಚ್ಚಿದಳು. ಆಮೇಲೆ ಗೆಳತಿಯರ ಕಡೆ ತಿರುಗಿ, "ಮುಂದಿನ್ ವರ್ಷ ಇವನ್ನ ಮನೇಲೇ ಬಿಟ್ಟು ಬರೋಣ ಕಣ್ರೇ. ಇವ್ನಿಗೆ ಚಳಿ ತಡ್ಯಕ್ಕಾಗಲ್ಲ," ಎಂದಳು.