ದರ್ಜಿಯಮ್ಮ ಹಾಕಿದ ಸರಪಳಿ

ದರ್ಜಿಯಮ್ಮನಷ್ಟು ಪುಕ್ಕಲು ಹೆಂಗಸು ಆ ಓಣಿಯಲ್ಲಿರಲಿ, ಇಡೀ ಊರಿನಲ್ಲೇ ಇರಲಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚುವಳು. ಫೋನು ಹೊಡೆದುಕೊಂಡರೆ ಯಾರಿಗೆ ಏನಾಯಿತೋ ಎಂದು ಎದೆ ಹಿಡಿದುಕೊಳ್ಳುವಳು. ಗಿರಾಕಿಯ ಪ್ಯಾಂಟು ಗಿಡ್ಡ ಮಾಡಬೇಕಾದರೆ ಅಳೆದು, ಮತ್ತೆ ಅಳೆದು, ಕತ್ತರಿ ಕೈಗೆತ್ತಿಕೊಂಡ ಮೇಲೂ ಗಿರಾಕಿಗೆ ಫೋನು ಮಾಡಿ ‘ಇಷ್ಟೇ ತಾನೇ ಅಣ್ಣಾ’ ಎಂದು ಕೇಳುವಳು. ಹಗ್ಗ ಕಂಡು ಹಾವೆನ್ನುವವರು ಎಲ್ಲ ಕಡೆಯೂ ಇದ್ದಾರೆ. ಇವಳು ಹಗ್ಗ ನೇತುಹಾಕುವ ಮೊಳೆ ಕಂಡರೂ ಹಾವೆನ್ನುವ ಪೈಕಿ.

ಅಂಥವಳು ಕಟ್ಟಿಕೊಂಡದ್ದು ಬೇಕರಿಯ ಭಟ್ಟಿಯ ಮುಂದೆ ನಿಂತು ಬ್ರೆಡ್ಡು ಬೇಯಿಸುತ್ತಿದ್ದವನನ್ನು. ಅವನಿಗೆ ಬೆಂಕಿಯ ಭಯವೂ ಇಲ್ಲ, ಮಾಲೀಕನ ಭಯವೂ ಇಲ್ಲ. ಅವಳು ಚಿಕ್ಕಮ್ಮನ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದಾಗ ಏಪ್ರನ್ನಿಗೆ ಜೇಬು ಹಾಕಿಸಲು ಬಂದಿದ್ದ. ಜೇಬು ಎಲ್ಲಿ ಬೇಕು, ಮೇಲೆ ಬೇಕಾ, ಕೆಳಗೆ ಬೇಕಾ ಎಂದು ಅವಳು ಕೇಳಿದ್ದನ್ನೇ ಕೇಳುತ್ತಿದ್ದರೆ, “ಎಲ್ಲಿ ಹಾಕಿದ್ರೂ ಸರಿ, ನೀವು ಹಾಕಿ ಮುಗಿಸೋವರೆಗೂ ನಾನು ಇಲ್ಲೇ ಕೂತಿರ್ತೀನಿ” ಅಂದನಂತೆ. ಹಾಗೆ ಕೂತವನು ಮತ್ತೆ ಏಳಲೇ ಇಲ್ಲ. ಮಕ್ಕಳಾಗಲಿಲ್ಲ. ಓಣಿಯವರು ಅವನನ್ನು ಬ್ರೆಡ್ಡಣ್ಣ ಎಂದರು, ಇವಳನ್ನು ದರ್ಜಿಯಮ್ಮ ಎಂದರು, ಇವಳ ಹೆದರಿಕೆಗಳನ್ನೆಲ್ಲ ಅವನು ನಗಾಡಿಯೇ ಸಂಭಾಳಿಸಿಕೊಂಡು ಬಂದ.

ಆದರೆ ಅಷ್ಟು ವರ್ಷ ಕುಡಿದ ಮೈದಾ ಧೂಳು ಸುಮ್ಮನೆ ಹೋಗುತ್ತದೆಯೇ? ಪುಪ್ಪುಸದಲ್ಲಿ ಮನೆ ಮಾಡಿಕೊಂಡಿತು. ಈಗ ಬ್ರೆಡ್ಡಣ್ಣ ಕಿಟಕಿಯ ಪಕ್ಕದ ಮಂಚದಲ್ಲಿ ಮೂರು ದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಾನೆ. ಬಚ್ಚಲಿಗೆ ಹೋಗಿ ಬಂದರೆ ಬೆಟ್ಟ ಹತ್ತಿ ಬಂದವನ ಹಾಗೆ ಏದುಸಿರು ಬಿಡುತ್ತಾನೆ. ಅದೇ ಕಿಟಕಿಯ ಇನ್ನೊಂದು ಪಕ್ಕ ಇವಳ ಹೊಲಿಗೆ ಯಂತ್ರ. ಕಳೆದ ಸಲ ಉಸಿರು ಕಟ್ಟಿದಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ಮನೇಲೇ ಉಸಿರಿನ ಪಂಪು ಹಾಕ್ಕೊಂಡು ನೋಡೋಣ ಅಂತ ಕೂರಬೇಡಿ. ತುಟಿ ನೀಲಿಯಾಯ್ತೋ, ತಕ್ಷಣ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ನಮ್ಮ ಕೈಲೂ ಏನೂ ಇರಲ್ಲ.” ಅಂದಿನಿಂದ ದರ್ಜಿಯಮ್ಮನ ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕಣ್ಣು ಗಂಡನ ತುಟಿಯ ಮೇಲೆ. ಮೂರನೆಯದೊಂದು ಇದ್ದಿದ್ದರೆ ಅದು ಬೀದಿಯ ಮೇಲಿರುತ್ತಿತ್ತು.

ಬೀದಿಯ ಕಥೆ ಹೀಗೆ. ಅದು ಒಂದು ಕಡೆ ಗೋಡೆಯಿಂದ ಮುಚ್ಚಿಹೋದ ಇಕ್ಕಟ್ಟು ಓಣಿ. ದರ್ಜಿಯಮ್ಮನ ಮನೆ ಮುಚ್ಚಿದ ಕಡೆಯ ಕೊನೆಯಲ್ಲಿ. ಓಣಿಯ ನಡುವೆ ವಿದ್ಯುತ್ ಕಂಬವೊಂದು ರಸ್ತೆಗೇ ಕಾಲು ಚಾಚಿ ನಿಂತಿದೆ. ಕಂಬದ ಎದುರು ಯಾರಾದರೂ ಕಾರು ನಿಲ್ಲಿಸಿದರೆ ಮುಗಿಯಿತು, ಮನುಷ್ಯ ಮಗ್ಗುಲಾಗಿ ತೂರಬಹುದು, ಗಾಡಿ ಬರುವ ಮಾತಿಲ್ಲ. ಮೊದಲು ಆ ತೊಂದರೆ ಇರಲಿಲ್ಲ. ಮೂಲೆಯ ಕಟ್ಟಡದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ಕು ಶುರುವಾಯಿತು. ಕ್ಲಿನಿಕ್ಕಿಗೆ ಲಿಫ್ಟಿದೆ, ಗಾಜಿನ ಬಾಗಿಲಿದೆ, ಕಾರು ನಿಲ್ಲಿಸಲು ಜಾಗ ಮಾತ್ರ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಬಂದ ಕಾರುಗಳೆಲ್ಲ ಓಣಿಗೆ ನುಗ್ಗಿದವು.

ಓಣಿಯವರು ಬೋರ್ಡು ಹಾಕಿದರು. ಕಲ್ಲಿಟ್ಟರು. ಒಡೆದ ಕುರ್ಚಿ, ತೂತಾದ ಬಕೆಟ್ಟು, ಹಳೆಯ ಕಮೋಡು ಕೂಡ ರಸ್ತೆಗೆ ಬಂತು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ಎಲ್ಲರೂ ಸೇರಿ ಬೆರಳಿನಷ್ಟು ದಪ್ಪದ ಸರಪಳಿಯನ್ನೂ ಒತ್ತಿದರೆ ತಾನೇ ಬಿದ್ದುಕೊಳ್ಳುವ ಬೀಗವನ್ನೂ ಕೊಂಡು ತಂದರು. ಹೊರಗಿನವರ ಕಾರು ನಿಂತರೆ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಒತ್ತುವುದು. ಕಾರಿನವರು ಬಂದು ಕೈಮುಗಿದು, ನಾಲ್ಕು ಜನರ ಮುಂದೆ ಬೈಸಿಕೊಂಡು, ಬೀಗ ತೆಗೆಸಿಕೊಂಡು ಹೋಗುವುದು. ಒಮ್ಮೆ ಬೈಸಿಕೊಂಡವರು ಮತ್ತೆ ಬರುವುದಿಲ್ಲ ಎಂದು ಲೆಕ್ಕ.

ಹಗಲೆಲ್ಲ ಮನೆಯಲ್ಲೇ ಇರುವವಳು ಎಂದು ಸರಪಳಿ, ಕೀಲಿ ಎರಡನ್ನೂ ಮೊದಲು ದರ್ಜಿಯಮ್ಮನಿಗೇ ಕೊಟ್ಟಿದ್ದರು. ಅವಳು ಕೈಯಾರೆ ಒಂದು ಕಾರಿಗೂ ಸರಪಳಿ ಹಾಕಲಿಲ್ಲ. ಎದುರು ಮನೆಯ ಔಷಧಿ ಅಂಗಡಿಯವನು ಒಂದು ನೀಲಿ ಕಾರಿಗೆ ಹಾಕಿ ಅಂಗಡಿಗೆ ಹೋದ. ಆ ಕಾರಿನ ಹುಡುಗಿ, ಲಕ್ವ ಹೊಡೆದು ಒಂದು ಕಾಲೆಳೆಯುತ್ತಿದ್ದ ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. “ಇನ್ನೊಂದ್ಸಲ ಇಲ್ಲಿ ನಿಲ್ಲಿಸಲ್ಲಮ್ಮ, ಇದೊಂದ್ಸಲ ಬಿಟ್ಟುಬಿಡಿ” ಎಂದಳು. ದರ್ಜಿಯಮ್ಮ ಬೈಯುವುದಿರಲಿ, ಒಳಗೆ ಕರೆದು ಅಪ್ಪನಿಗೆ ನೀರು ಕೊಟ್ಟು, ಬೀಗ ತೆಗೆದು, ಕಾರು ತಿರುಗಿಸಲು ಹಿಂದೆ ನಿಂತು ‘ಬರಲಿ ಬರಲಿ’ ಎಂದು ದಾರಿಯನ್ನೂ ತೋರಿಸಿ ಕಳಿಸಿದಳು.

ಓಣಿಯಲ್ಲಿ ಪಂಚಾಯಿತಿ ಸೇರಿತು. ನಿವೃತ್ತ ಡ್ರಿಲ್ ಮೇಷ್ಟ್ರು, ಓಣಿಗೆಲ್ಲ ಮೀಸೆ ಮೇಷ್ಟ್ರು, ಎದ್ದು ನಿಂತು ತೀರ್ಪು ಕೊಟ್ಟರು: “ನಿಮ್ಮದು ಬೆಣ್ಣೆಯಂಥ ಮನಸ್ಸು ತಾಯಿ, ಬಿಸಿಲು ತಾಗೋಕೆ ಮುಂಚೆ ಕರಗ್ತೀರಿ. ಸರಪಳಿ ನಿಮ್ಮ ಹತ್ರ ಇರಲಿ, ಕೀಲಿ ನನ್ನ ಹತ್ರ ಇರುತ್ತೆ. ಯಾರು ಅತ್ತರೂ ನಿಮ್ಮ ಕೈಲಿ ತೆಗೆಯೋಕಾಗಬಾರದು.” ಎಲ್ಲರೂ ತಲೆದೂಗಿದರು. ದರ್ಜಿಯಮ್ಮ ಎಲ್ಲರಿಗಿಂತ ಜೋರಾಗಿ ತಲೆದೂಗಿದಳು, ಜವಾಬ್ದಾರಿ ಅರ್ಧ ಇಳಿಯಿತಲ್ಲ ಎಂದು.

ಹೀಗಿರುವಾಗ ಒಂದು ಬೆಳಗ್ಗೆ ಬ್ರೆಡ್ಡಣ್ಣನ ಕೆಮ್ಮು ಬೇರೆ ರಾಗ ಹಿಡಿಯಿತು. ತುಟಿ ಇನ್ನೂ ಕೆಂಪಗೇ ಇತ್ತು, ಆದರೆ ಎದೆಯೊಳಗೆ ಸೀಟಿ. ದರ್ಜಿಯಮ್ಮ ಕೈಯಲ್ಲಿದ್ದ ಶಾಲೆಯ ಯೂನಿಫಾರ್ಮು ಕೆಳಗಿಟ್ಟು ಬೀದಿಗೆ ಬಗ್ಗಿ ನೋಡಿದಳು. ಕಂಬದ ಎದುರು ಕಾರು ನಿಂತಿತ್ತು. ನೀಲಿ ಕಾರು. ಅದೇ ಹುಡುಗಿಯದು.

ಅವಳಿಗೆ ಮೊದಲು ಬಂದದ್ದು ಹೆದರಿಕೆ, ಅದರ ಹಿಂದೆಯೇ ಸಿಟ್ಟು. ನಾನು ನೀರು ಕೊಟ್ಟೆ, ನಾನು ದಾರಿ ತೋರಿಸಿದೆ, ನನ್ನನ್ನೇ ಮಂಗ ಮಾಡಿದಳಲ್ಲ. ನನ್ನ ಗಂಡನ ಉಸಿರು ಹೋಗುವ ದಾರಿಯಲ್ಲೇ ಕಾರು ಅಡ್ಡ ಇಟ್ಟಳಲ್ಲ. ಸೆರಗು ಸಿಕ್ಕಿಸಿ, ಸರಪಳಿಯನ್ನು ನೆಲದ ಮೇಲೆ ಝಣಝಣ ಎಳೆದುಕೊಂಡು ಹೋಗಿ, ಮುಂದಿನ ಚಕ್ರಕ್ಕೆ ಎರಡು ಸುತ್ತು ಸುತ್ತಿ, ಬೀಗ ಒತ್ತಿದಳು. ‘ಟಕ್’ ಎಂದಿತು. ಬಾನೆಟ್ಟಿನ ಮೇಲೆ ಒಂದು ಗುದ್ದೂ ಕೊಟ್ಟಳು. ಕೈ ನೋಯಿತು, ಆದರೆ ಮೈಯೆಲ್ಲ ಹಗುರಾಯಿತು.

ಮನೆಗೆ ಬಂದು ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹಾಕಿ ಬಂದೆ ಕಣ್ರೀ. ನಾನೇ.”

ಬ್ರೆಡ್ಡಣ್ಣ ಕೆಮ್ಮಿನ ನಡುವೆ ನಕ್ಕ. “ಶಭಾಷ್. ಅಲ್ವೇ, ಆ ಕಾರು ಅಲ್ಲಿಂದ ಹೋಗ್ಲಿ ಅನ್ನೋದು ತಾನೇ ನಿಂಗೆ ಬೇಕಾಗಿದ್ದು? ಹೋಗು ಹೋಗು ಅಂತ ಬೈತಾ ಅದರ ಕಾಲನ್ನೇ ಕಟ್ಟಿಹಾಕಿ ಬಂದಿದ್ಯಲ್ಲೇ.”

ದರ್ಜಿಯಮ್ಮ ಸೊಂಟದಿಂದ ಕೈ ತೆಗೆದಳು. ಓಣಿಯಲ್ಲಿ ಅಷ್ಟು ಜನ ಓದಿದವರು, ಅಷ್ಟು ಸಲ ಸಭೆ ಸೇರಿದವರು, ಒಬ್ಬರಿಗಾದರೂ ಇದು ಹೊಳೆದಿರಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಜನ. ಅವಳು ಚಪ್ಪಲಿಯನ್ನೂ ಮೆಟ್ಟದೆ ಮೇಷ್ಟ್ರ ಮನೆಗೆ ಓಡಿದಳು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಂಗಿಯ ಮನೆಗೆ ಹೊರಟು ನಿಂತಿದ್ದರು. “ಕೀಲಿ ಕೊಡಿ ಮೇಷ್ಟ್ರೇ, ಸರಪಳಿ ತೆಗೀಬೇಕು” ಎಂದಳು.

“ಯಾರು ಬಂದು ಅತ್ತರು?”

“ಯಾರೂ ಅತ್ತಿಲ್ಲ. ಇವರಿಗೆ ಎದೆ ಸೀಟಿ ಹೊಡೀತಿದೆ. ಅಕಸ್ಮಾತ್ ಆಂಬುಲೆನ್ಸ್ ಬಂದ್ರೆ...”

“ನಿಮಗೆ ದಿನಾ ಅಕಸ್ಮಾತ್ತೇ ತಾಯಿ. ಮೊನ್ನೆ ಬೆಕ್ಕು ಸೀನಿದ್ದಕ್ಕೆ ಹೆದರಿಕೊಂಡಿದ್ರಿ. ಹೋಗಿ ಯಜಮಾನರಿಗೆ ಬಿಸಿನೀರು ಕೊಡಿ. ಕಾರಿನವಳು ಬರಲಿ, ನನಗೆ ಫೋನು ಮಾಡಲಿ, ಬಂದು ನಾಲ್ಕು ಮಾತು ಹೇಳಿ ನಾನೇ ತೆಗೀತೀನಿ.” ಕೀಲಿಯನ್ನು ಜೇಬಿಗೆ ಹಾಕಿಕೊಂಡು ಸ್ಕೂಟರು ಹತ್ತಿ ಹೋಗಿಯೇಬಿಟ್ಟರು. ಅಡ್ಡ ನಿಂತು ಕಿತ್ತುಕೊಳ್ಳಬೇಕಿತ್ತು. ಅವಳಿಗೆ ಅದು ಬರದ ವಿದ್ಯೆ.

ಆಮೇಲಿನ ಹೊತ್ತನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಯಂತ್ರದ ಮುಂದೆ ಕೂತಳು, ತೋಳನ್ನು ಕೊರಳಿಗೆ ಹೊಲಿದಳು, ಬಿಚ್ಚಿದಳು. ಕಂಬದ ಕಡೆ ನೋಡಿದಳು, ಕ್ಲಿನಿಕ್ಕಿನ ಕಡೆ ನೋಡಿದಳು. ಆ ಹುಡುಗಿ ಈಗ ಬರಬಹುದು, ಈಗ ಬರಬಹುದು. ಹೋಗಿ ಕರೆಯೋಣವೆಂದರೆ ಗಂಡನನ್ನು ಒಬ್ಬನೇ ಬಿಡಲು ಧೈರ್ಯವಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಗತಿ. ಮಧ್ಯಾಹ್ನದ ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಬ್ರೆಡ್ಡಣ್ಣನ ತಮಾಷೆ ನಿಂತಿತ್ತು. ಎರಡೂ ಕೈ ಮಂಚಕ್ಕೆ ಊರಿ, ಹೆಗಲು ಮೇಲೆತ್ತಿ, ಬರೀ ಉಸಿರಾಡುವುದೇ ಒಂದು ಕೆಲಸವೆನ್ನುವ ಹಾಗೆ ಕೂತಿದ್ದ. ಅವಳು ಹತ್ತಿರ ಹೋಗಿ ನೋಡಿದಳು. ತುಟಿ ನೀಲಿ.

ಆಂಬುಲೆನ್ಸಿಗೆ ಫೋನು ಮಾಡಿದಳು. ಓಣಿಯ ಹೆಸರನ್ನು ಎರಡೆರಡು ಸಲ ತಪ್ಪು ಹೇಳಿದಳು. ಆಂಬುಲೆನ್ಸೇನೋ ಬೇಗ ಬಂತು. ಬಂದು ಕಂಬದ ಹತ್ತಿರ ನಿಂತು ಕೂಗತೊಡಗಿತು. ಆ ಕೂಗು ಹತ್ತಿರವೂ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಬ್ರೆಡ್ಡಣ್ಣ ಅವಳ ಕಡೆ ನೋಡಿದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಹೆದರಿಕೆ ಕಂಡಿತು.

ಊಟಕ್ಕೆ ಮನೆಗೆ ಬಂದಿದ್ದ ಔಷಧಿ ಅಂಗಡಿಯವನು ಸುತ್ತಿಗೆ ಹಿಡಿದು ಓಡಿದ. ಬೀಗಕ್ಕೆ ಹೊಡೆದ, ಸರಪಳಿಗೆ ಹೊಡೆದ. ಒಳ್ಳೆಯದೇ ಇರಲಿ ಎಂದು ಇಡೀ ಓಣಿ ಸೇರಿ ಆರಿಸಿ ತಂದ ಮಾಲು, ಒಂದು ಗೀರು ಕೂಡ ಮೂಡಲಿಲ್ಲ. ಮೇಷ್ಟ್ರ ಫೋನು ಎತ್ತುವವರಿಲ್ಲ. ಆಂಬುಲೆನ್ಸಿನವರಿಬ್ಬರು ಸಣ್ಣ ಸಿಲಿಂಡರ್ ಹಿಡಿದು ಸಂದಿಯಲ್ಲಿ ಮಗ್ಗುಲಾಗಿ ತೂರಿ ಬಂದರು. ಮೂಗಿಗೆ ಮಾಸ್ಕು ಹಾಕಿದರು. ಅವರಲ್ಲಿ ಹಿರಿಯವನು ಮುಖ ಗಂಟಿಕ್ಕಿ ಹೇಳಿದ: “ಇದು ಸಾಲಲ್ಲ. ದೊಡ್ಡ ಮಷೀನು ಗಾಡೀಲಿದೆ. ಮಲಗಿಸೋ ಹಾಗಿಲ್ಲ, ಮಲಗಿಸಿದ್ರೆ ಉಸಿರು ನಿಂತುಹೋಗುತ್ತೆ. ಕೂರಿಸ್ಕೊಂಡೇ ಹೊರಬೇಕು.”

ಹೊಲಿಗೆ ಯಂತ್ರದ ಕುರ್ಚಿಗೇ ಬ್ರೆಡ್ಡಣ್ಣನನ್ನು ಕೂರಿಸಿ, ದುಪಟ್ಟಾ ತುಂಡಿನಿಂದ ಸೊಂಟ ಬಿಗಿದು, ನಾಲ್ಕು ಜನ ಎತ್ತಿಕೊಂಡು ಓಡಿದರು. ಕಾರಿನ ಹತ್ತಿರ ಬಂದು ನಿಂತರು. ಈ ಕಡೆ ಕಾಂಪೌಂಡು ಗೋಡೆ, ಆ ಕಡೆ ಕಂಬ. ಕುರ್ಚಿ ಯಾವ ಕಡೆಯೂ ಹಿಡಿಸುವುದಿಲ್ಲ. ದರ್ಜಿಯಮ್ಮ ಸಿಲಿಂಡರ್ ಅಪ್ಪಿಕೊಂಡು ಹಿಂದೆ ನಿಂತಿದ್ದಳು. ತಾನು ಒತ್ತಿದ ಬೀಗ ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ದೇವರೇ, ಇವರು ಇಲ್ಲೇ ಹೋದರೆ ಕೊಂದವಳು ನಾನೇ, ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

ಅಷ್ಟರಲ್ಲಿ ಆ ಹುಡುಗಿ ಕಾರಿನ ಕೀ ಕೈಯಲ್ಲಿ ಹಿಡಿದು ಓಡಿ ಬಂದಳು. ಸರಪಳಿ ನೋಡಿದಳು, ಕುರ್ಚಿಯಲ್ಲಿದ್ದವನ ಮುಖ ನೋಡಿದಳು. ಯಾರನ್ನೂ ಏನೂ ಕೇಳಲಿಲ್ಲ. ಚಪ್ಪಲಿ ಕಳಚಿ ತನ್ನ ಕಾರಿನ ಬಾನೆಟ್ಟಿನ ಮೇಲೆಯೇ ಹತ್ತಿ ನಿಂತು ಕೈ ಚಾಚಿದಳು. “ಇತ್ತ ಕೊಡಿ. ಇಬ್ಬರು ನನ್ನ ಜೊತೆ ಮೇಲೆ ಬನ್ನಿ. ಬಾನೆಟ್ಟು ನೆಗ್ಗಿದ್ರೆ ನೆಗ್ಗಲಿ, ಹತ್ತಿ.”

ಬಾನೆಟ್ಟು ಗಡಗಡ ಎಂದು ಕುಸಿಯಿತು. ಕುರ್ಚಿ ಓರೆಯಾಯಿತು, ಬ್ರೆಡ್ಡಣ್ಣನ ತಲೆ ಒಂದು ಕಡೆಗೆ ವಾಲಿತು, ಆ ಹುಡುಗಿ ಅದನ್ನು ತನ್ನ ಹೊಟ್ಟೆಗೆ ಆನಿಸಿ ಹಿಡಿದಳು. ಆ ಕಡೆಯವರು ಕುರ್ಚಿಯ ಕಾಲು ಹಿಡಿದು ಇಳಿಸಿಕೊಂಡರು. ದರ್ಜಿಯಮ್ಮ ಸಂದಿಯಲ್ಲಿ ತೂರುವಾಗ ಸೀರೆ ಸರಪಳಿಗೆ ಸಿಕ್ಕಿ ಹರಿಯಿತು. ಗಾಡಿಯ ಬಾಗಿಲು ಮುಚ್ಚಿತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅವಳು ಹರಿದ ಸೀರೆ ಮುದುರಿಕೊಂಡು ಕೂತಿದ್ದಳು. ಸಂಜೆಯ ಹೊತ್ತಿಗೆ ಡಾಕ್ಟರು ಬಂದು, “ಉಳ್ಕೊಂಡ್ರು. ಇನ್ನೊಂದು ಸ್ವಲ್ಪ ತಡವಾಗಿದ್ರೆ ಹೇಳೋಕಾಗ್ತಿರಲಿಲ್ಲ. ಮುಂದಿನ ಸಲ ಇಷ್ಟೂ ಹೊತ್ತು ಮಾಡಬೇಡಿ” ಎಂದರು. ಮುಂದಿನ ಸಲ ಎಂಬ ಮಾತು ಅವಳ ಕಿವಿಯಲ್ಲೇ ಉಳಿಯಿತು. ಗಂಡನಿಗೆ ಬಟ್ಟೆ, ಟವೆಲು ತರಲು ಔಷಧಿ ಅಂಗಡಿಯವನ ಸ್ಕೂಟರಿನಲ್ಲಿ ಮನೆಗೆ ಬಂದಳು.

ಓಣಿಯಲ್ಲಿ ಇನ್ನೂ ಬೆಳಕಿತ್ತು. ಮೇಷ್ಟ್ರು ಬಂದು ಬೀಗ ತೆಗೆದಾಗಿತ್ತು. ತಮ್ಮ ಗೇಟಿನ ಬಳಿ ಸರಪಳಿ ಹಿಡಿದು ನಿಂತವರು ಅವಳನ್ನು ಕಂಡು ತಲೆ ತಗ್ಗಿಸಿದರು. ನೀಲಿ ಕಾರು ಕಂಬ ಬಿಟ್ಟು ಓಣಿಯ ಬಾಯಲ್ಲಿ, ಹೊರಗೆ ಮುಖ ಮಾಡಿ ನಿಂತಿತ್ತು. ಒಳಗೆ ಅಪ್ಪ ಕೂತಿದ್ದ. ಹುಡುಗಿ ದರ್ಜಿಯಮ್ಮನ ಮನೆಯ ಮುಂದೆ ಕಾದಿದ್ದಳು.

“ಹೇಗಿದ್ದಾರಮ್ಮ?”

“ಇದ್ದಾರೆ,” ಎಂದಳು ದರ್ಜಿಯಮ್ಮ. ಸುತ್ತ ಮೂರು ನಾಲ್ಕು ಮನೆಯವರು ಬಾಗಿಲಲ್ಲಿದ್ದರು. ಸರಪಳಿ ಯಾರು ಹಾಕಿದ್ದೆಂದು ಅವರಾರೂ ಬಾಯಿ ಬಿಡುವವರಲ್ಲ. ಸುಮ್ಮನೆ ಒಳಗೆ ಹೋಗಿಬಿಡಬಹುದಿತ್ತು. ಆದರೂ ಹೇಳಿದಳು. “ಸರಪಳಿ ಹಾಕಿದ್ದು ನಾನೇ ಕಣಮ್ಮ.”

“ಗೊತ್ತು. ಮೇಲಿನ ಕಿಟಕಿಯಿಂದ ನೋಡಿದೆ. ಅಪ್ಪನಿಗೆ ಕಾಲಿನ ವ್ಯಾಯಾಮ ಮಾಡಿಸ್ತಾ ಇದ್ರು. ನೀವು ಸರಪಳಿ ಎಳ್ಕೊಂಡು ಬಂದಿದ್ದು, ಬಾನೆಟ್ಟಿಗೆ ಗುದ್ದಿದ್ದು, ಎಲ್ಲಾ ಕಂಡಿತು. ಬೇರೆ ಎಲ್ಲೂ ಜಾಗ ಸಿಗಲಿಲ್ಲ ಅಂತ ನಿಲ್ಲಿಸಿದ್ದೆ. ನೋಡಿದ ತಕ್ಷಣ ಇಳಿದು ಬಂದು, ತಪ್ಪಾಯ್ತು ಅಂತ ಹೇಳಿ ತೆಗೆಸಬಹುದಿತ್ತು. ಬೆಳಗ್ಗೇನೇ ದಾರಿ ತೆರವಾಗ್ತಿತ್ತು.”

“ಮತ್ತೆ ಯಾಕೆ ಬರಲಿಲ್ಲ?”

ಹುಡುಗಿ ನೆಲ ನೋಡಿದಳು. “ನಿಮ್ಮನ್ನ ನೋಡಿ ಹೆದರಿಕೆ ಆಯ್ತಮ್ಮ. ಅಪ್ಪನದು ಮುಗಿದು ಎಷ್ಟೋ ಹೊತ್ತಾಗಿತ್ತು. ನೀವು ಕಿಟಕೀಲಿ ಕೂತು ಕಾರಿನ ಕಡೆ, ಕ್ಲಿನಿಕ್ಕಿನ ಕಡೆ ನೋಡ್ತಾನೇ ಇದ್ರಿ. ನೀವು ಏಳಲಿ, ಒಳಗೆ ಹೋಗಲಿ, ಆಮೇಲೆ ಬೇರೆ ಯಾರನ್ನಾದ್ರೂ ಕೇಳಿ ಬೀಗ ತೆಗೆಸೋಣ ಅಂತ ಕಾಯ್ತಾ ಮೇಲೇ ಕೂತುಬಿಟ್ಟೆ.”

ದರ್ಜಿಯಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಹುಟ್ಟಿದಾಗಿನಿಂದ ಅವಳನ್ನು ಕಂಡು ಹೆದರಿದವರು ಒಬ್ಬರೂ ಇರಲಿಲ್ಲ. ಬೆಕ್ಕು ಕೂಡ ಹೆದರುತ್ತಿರಲಿಲ್ಲ. ಅಪ್ಪನನ್ನೂ ಕರೆದುಕೊಂಡು ಒಳಗೆ ಬಾಮ್ಮ, ಎನ್ನಬೇಕೆಂದು ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಅವಳ ಮುಖವನ್ನೇ ನೋಡುತ್ತಿದ್ದ ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.